ಮೊದಲನೇ ಪುಟದಾಗ ಪೆನ್ಸಿಲ್

ಹೊಸಾದು ಏನರ ಇದ್ರ ಹೇಳಂತ ಕೇಳಿದ್ದೆಲ್ಲ, ಶಾವಂತ್ರಿ,
ಹೇಳತೀನಿ. ಹೆಸರು ಮಾತ್ರ ಕೇಳಬ್ಯಾಡ.
ನನಗ ಪುಸ್ತಕ ನೆನಪಿರೂದು ರಟ್ಟಿನ ಬಣ್ಣದಿಂದ,
ಬಸ್ಸು ಎಲ್ಲಿಗೆ ಬಂದಾಗ ಎದಿ ಝಲ್ಲಂತು ಅನ್ನೂದರಿಂದ.

ಹಸಿರು ರಟ್ಟಿಂದು ಮೊದಲ ಓದು.
ಒಂದ ಲಾಡ್ಜು, ಏಳು ಖೋಲಿ, ಎಂಟು ಕೀಲಿ.
ಮುಳಗುಂದ ಸ್ಟಾಪ್ ಬಂತು, ಹೋತು, ನಾ ಇಳೀಲೇ ಇಲ್ಲ.
"ಯಕ್ಕಾ, ನಿಮ್ಮ ದವಾಖಾನಿ ಹಿಂದ ಉಳೀತು"
ಅಂತ ಕಂಡಕ್ಟರ್ ಭುಜಾ ಅಳ್ಳಾಡಿಸಿದಾಗ
ನಾ ಇನ್ನೂ ನಾಲ್ಕನೇ ಖೋಲಿಯೊಳಗ,
ಬಾಗಲದ ಸಂದ್ಯಾಗ ಯಾರದೋ ನೆರಳು.

ಬಸ್ಸು ಈಗ ಪುಕ್ಕಟ ಅಲ್ಲಾ ನಮಗ,
ಉಳಿದ ರೊಕ್ಕ ಮೋದಿನಸಾಬರ ಲೈಬ್ರರಿಗೆ.
ದಿನಕ್ಕ ಐದು ರೂಪಾಯಿ.
ಸೊನ್ನಿ ಟಿಕೀಟು ಪುಟದ ಗುರುತಿಗೆ.

ಆದರ ಒಂದ ಮಾತು.
ಅಲ್ಲಿ ಯಾವ ಪತ್ತೇದಾರಿ ತಗದರೂ
ಮೊದಲನೇ ಪುಟದಾಗ ಪೆನ್ಸಿಲ್ಲಿಲೆ ಬರದಿರತೈತಿ:
'ಕೊಂದವಳು ಅತ್ತೆ.'
'ಕೊಂದವನು ಡಾಕ್ಟರು, ಆ ನಗುವ ಡಾಕ್ಟರು.'
'ಅಡುಗೆಯವನ ಮೇಲೊಂದು ಕಣ್ಣಿರಲಿ.'
ಸಣ್ಣ ಸಣ್ಣ ಅಕ್ಷರ, ಜ್ವಾಳದ ಕಾಳು ಸಾಲಿಗಿಟ್ಟಂಗ.
ಮೊದಲನೇ ಸಲ ನಾ ಬೈದ ಬೈಗಳದಾಗ
ಬೆಟಗೇರಿ ಮಗ್ಗದ ಸಪ್ಪಳಾನೂ ಮುಚ್ಚಿಹೋತು.

ಸಾಬರ ಕೂಡ ಜಗಳಾ ತಗದೆ.
ಅವರು ಗೋಂದು ಹತ್ತಿದ ಬಟ್ಟು ಒರಸಿಕೋತ,
"ಓದಿ ಮುಗಿಸೀರೇನು, ಬಾಯಾರ?" ಅಂದರು.
"ಇಲ್ಲ."
"ಮುಗಿಸಿ ಬರ್ರಿ. ಆಮ್ಯಾಲ ಬೈರಿ."

ಮುಗಿಸಿದೆ.
ಅತ್ತಿ ಕೊಂದಿರಲಿಲ್ಲ.
ಡಾಕ್ಟರ್ ಪಾಪ, ಮೂರನೇ ಅಧ್ಯಾಯದಾಗ ತಾನ ಸತ್ತಿದ್ದ.
ಹದಿನಾಲ್ಕು ಪುಸ್ತಕ, ಹದಿನಾಲ್ಕೂ ಸುಳ್ಳ.
ಯಾರೋ ಪುಣ್ಯಾತ್ಮ ಪೂರಾ ಓದಿ, ಖರೇ ಹೆಸರು ನುಂಗಿ,
ಹಿಂದಿಂದ ಬರೂ ನಮಗಂತ
ಒಂದೊಂದು ತಪ್ಪು ದಾರಿ ಬರದಿಟ್ಟು ಹೋಗಿದ್ದ.
ಆ ಅತ್ತೀನ್ನ ನೋಡಕೋತ ಕುಂತು
ಕೀಲಿ ಯಾರ ಕೈಗೆ ಹೋತು ಅನ್ನೂದು ನಾ ನೋಡಲೇ ಇಲ್ಲ!

ಇನ್ನ, ರಾಜರ ಕಾಲದ್ದು ಕೇಳಿದ್ದಿ.
ಕೆಂಪ ರಟ್ಟು. ನಾನೂರಾ ಎಂಬತ್ತು ಪುಟ.
ಬ್ಯಾಗಿನ್ಯಾಗ ಲಸಿಕಿ ಡಬ್ಬಿ ಮಗ್ಗಲಕ ಗುಂಡಕಲ್ಲಿನಂಗ ಕೂಡತೈತಿ.
ಲಕ್ಕುಂಡಿ ಕಡೇ ಕತಿ, ಅದರಾಗ ರಾಜರು ಕಡಿಮಿ,
ಕಲ್ಲು ಕಡಿಯೋರು, ಅವರಿಗೆ ಬುತ್ತಿ ಒಯ್ಯೋರು ಭಾಳ.
ಇದರಾಗ ಅಂವ ಏನು ಸುಳ್ಳ ಬರದಾನು ಅಂತ
ಅಂಗಡ್ಯಾಗ ನಿಂತಲ್ಲೇ ತಗದು ನೋಡಿದೆ:
'ಊರು ಹಾಳಾಗುತ್ತದೆ. ಅದು ನಿಮಗೂ ಗೊತ್ತು, ನನಗೂ ಗೊತ್ತು.
ಇನ್ನೂರ ಹದಿನಾರನೇ ಪುಟ ನಿಧಾನ ಓದಿರಿ.'

ಆ ಪುಟದಾಗ ಯುದ್ಧ ಇಲ್ಲ, ಶಾವಂತ್ರಿ.
ರಾತ್ರೋರಾತ್ರಿ ಮಂದಿ ಊರು ಬಿಡತಾರ.
ಒಬ್ಬಾಕಿ ಗಂಟು ಕಟ್ಟಿ, ಕೂಸಿನ್ನ ಎತಿಗೊಂಡು, ಹೊಸ್ತಲಾ ದಾಟಿ,
ತಿರುಗಿ ಒಳಗ ಹೋಗಿ
ಒಲ್ಯಾಗಿನ ಕೆಂಡಕ್ಕ ಬೂದಿ ಮುಚ್ಚಿ ಬರತಾಳ,
ಮುಂಜಾನಿಗೆ ಬೇಕಾಗ್ತೈತಂತ.
ಅಷ್ಟ.

ಅವತ್ತು ಕೂಸಿಗೆ ಹನಿ ಹಾಕೂಮುಂದ
ಅದರ ತಾಯಿ ಕೇಳಿದಳು, "ಕಣ್ಣಾಗ ಏನು ಬಿತ್ರೀ, ಬಾಯಾರ?"
"ಬೂದಿ" ಅಂದೆ.

ಬರದಾಂವ ಯಾರಂತ ಕೇಳತೀ ಏನು?
ಮೋದಿನಸಾಬರ ಕಿವ್ಯಾಗ ಒಂದು ಮೋಟು ಪೆನ್ಸಿಲ್ ಐತಿ,
ಖಾತೇ ಬರಿಯೂದು ಮಾತ್ರ ನೀಲಿ ಪೆನ್ನಿಲೆ.
ನೋಡೀನಿ. ಸುಮ್ಮನ ಇದ್ದೀನಿ.
ಮೊದಲ ಕಂಡಾಂವ ಕಳ್ಳ ಆಗಿರೂದಿಲ್ಲಂತ
ಹದಿನಾಲ್ಕು ಪುಸ್ತಕ ಕಲಿಸ್ಯಾವ.

ಹಸಿರು ರಟ್ಟಿಂದು ನಾಳೆ ಮುಂಜಾನೆ ಬಸ್ಸಿನಾಗ ಕೊಡತೀನಿ,
ಶನಿವಾರ ತಿರುಗಿ ಕೊಡು, ದಂಡ ನನಗ ಬೀಳತೈತಿ.
ಮತ್ತ ಕೇಳಿಲ್ಲೆ, ಯಾರಿಗೂ ಹೇಳಬ್ಯಾಡ:
ಎಂಟನೇ ಕೀಲಿ ಇರೂದು ಮ್ಯಾನೇಜರನ ಕಿಸೇದಾಗ.
ಅಂವನ ಮ್ಯಾಲಿನ ಕಣ್ಣು ತಗೀಬ್ಯಾಡ.